ಆ್ಯಕ್ಟಿವ್ ಸ್ಪೀಕರೋ, ಪ್ಯಾಸಿವ್ ಸ್ಪೀಕರೋ? – ಮನೆಯ ಸಂಗೀತ ವ್ಯವಸ್ಥೆಯ ಖರೀದಿಗೊಂದು ಲೆಕ್ಕಾಚಾರ

ಹತ್ತಿಯ ಹಂಗಾಮು ಮುಗಿದು ಕೈಯಲ್ಲಿ ಒಂದಿಷ್ಟು ಹಣ ಉಳಿದಾಗ ಮನೆಗೊಂದು ಉತ್ತಮ ಸಂಗೀತ ವ್ಯವಸ್ಥೆಯನ್ನು ಕೊಳ್ಳಬೇಕೆಂಬ ಆಸೆ ವ್ಯಾಪಾರಸ್ಥ ಕುಟುಂಬಗಳಿಗೆ ಹೊಸದೇನಲ್ಲ. ರಾಯಚೂರು ಸೀಮೆಯಲ್ಲಿ ಆ ಆಸೆಗೆ ಬೇರೂ ಇದೆ. ಮಾನ್ವಿ ಜಗನ್ನಾಥದಾಸರ ಊರು. ದಾಸರ ಪದಗಳನ್ನು ಕೇಳುತ್ತ ಬೆಳಗಾಗುವ ಮನೆಗಳು ಇಲ್ಲಿ ಇಂದಿಗೂ ಇವೆ. ವಚನ ಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಇದೇ ಜಿಲ್ಲೆಯವರು. ರಾಯಚೂರಿನ ರಂಗಮಂದಿರ ಅವರ ಹೆಸರನ್ನೇ ಹೊತ್ತಿದೆ. ಇಂತಹ ಗಾಯನದಲ್ಲಿ ತಂಬೂರಿಯ ಶ್ರುತಿ, ಗಾಯಕರ ಉಸಿರು, ತಬಲಾದ ಎಡದ ನಾದ ಇವು ಸ್ಪಷ್ಟವಾಗಿ ಕೇಳಬೇಕೆಂದು ಬಯಸುವವರು ದೂರದರ್ಶನದ ಸಣ್ಣ ಸ್ಪೀಕರುಗಳಿಂದ ತೃಪ್ತರಾಗುವುದಿಲ್ಲ.

ಆದರೆ ಅಂಗಡಿಗೆ ಹೋದೊಡನೆ ಎದುರಾಗುವ ಪ್ರಶ್ನೆ, ‘ಆ್ಯಕ್ಟಿವ್ ಬೇಕೋ, ಪ್ಯಾಸಿವ್ ಬೇಕೋ?’ ಎಂಬುದು. ಮಾನ್ವಿ ಸೀಮೆಯ ಬಾಗಲವಾಡದಲ್ಲಿ ಹೊಸ ಮನೆ ಕಟ್ಟಿಸಿದ ಹತ್ತಿ ವ್ಯಾಪಾರಸ್ಥರೊಬ್ಬರು 60,000 ರೂಪಾಯಿಗಳನ್ನು ಇದಕ್ಕಾಗಿ ತೆಗೆದಿರಿಸಿದ್ದಾರೆಂದು ಭಾವಿಸಿದರೆ, ಅವರು ಈ ಪ್ರಶ್ನೆಗೆ ಯಾವ ಆಧಾರದ ಮೇಲೆ ಉತ್ತರಿಸಬೇಕು? ಸಾಮಾನ್ಯವಾಗಿ ಬೆಲೆ, ಹೊರನೋಟ ಮತ್ತು ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿದ ಧ್ವನಿ, ಈ ಮೂರರ ಮೇಲೆಯೇ ನಿರ್ಧಾರವಾಗಿಬಿಡುತ್ತದೆ. ಜಿನ್ನಿಂಗ್ ಯಂತ್ರವನ್ನೋ ಲಾರಿಯನ್ನೋ ಕೊಳ್ಳುವಾಗ ಅದೇ ವ್ಯಾಪಾರಸ್ಥರು ಆಯುಷ್ಯ, ದುರಸ್ತಿ, ಬಿಡಿಭಾಗ, ಸವಕಳಿ ಎಲ್ಲವನ್ನೂ ವಿಚಾರಿಸುತ್ತಾರೆ. ಸ್ಪೀಕರಿನ ವಿಷಯದಲ್ಲಿಯೂ ಅದೇ ವಿಚಾರಣೆ ಅಗತ್ಯ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಎರಡರ ನಡುವಣ ವ್ಯತ್ಯಾಸ

ಮೊಬೈಲ್, ಸಿ.ಡಿ. ಪ್ಲೇಯರ್ ಅಥವಾ ದೂರದರ್ಶನದಿಂದ ಹೊರಡುವ ಸಂಕೇತ ಬಹಳ ದುರ್ಬಲವಾದುದು. ಸ್ಪೀಕರಿನ ಶಂಕುವನ್ನು ಅಲುಗಾಡಿಸುವ ಶಕ್ತಿ ಅದಕ್ಕಿಲ್ಲ. ಆ ಶಕ್ತಿಯನ್ನು ಒದಗಿಸುವುದು ಆಂಪ್ಲಿಫೈಯರ್. ಇನ್ನೊಂದು ಕೆಲಸವೂ ಇದೆ. ಒಂದೇ ಪೆಟ್ಟಿಗೆಯಲ್ಲಿ ತಗ್ಗು ಸ್ವರಗಳಿಗೆ ವೂಫರ್, ಎತ್ತರದ ಸ್ವರಗಳಿಗೆ ಟ್ವೀಟರ್ ಎಂದು ಎರಡು ಘಟಕಗಳಿರುವುದರಿಂದ ಸಂಕೇತವನ್ನು ಎರಡು ಭಾಗ ಮಾಡಿ ಹಂಚಬೇಕು. ಈ ಹಂಚಿಕೆಯನ್ನು ಮಾಡುವ ಮಂಡಲಕ್ಕೆ ಕ್ರಾಸ್‌ಓವರ್ ಎಂದು ಹೆಸರು.

ಪ್ಯಾಸಿವ್ ಸ್ಪೀಕರಿನಲ್ಲಿ ಆಂಪ್ಲಿಫೈಯರ್ ಇರುವುದಿಲ್ಲ. ಅದನ್ನು ಬೇರೆಯಾಗಿ ಕೊಂಡು, ಸ್ಪೀಕರ್ ವೈರಿನ ಮೂಲಕ ಜೋಡಿಸಬೇಕು. ಆಂಪ್ಲಿಫೈಯರಿನಿಂದ ಬಂದ ಬಲಿಷ್ಠ ಸಂಕೇತವನ್ನು ಪೆಟ್ಟಿಗೆಯೊಳಗಿನ ಸುರುಳಿ, ಕೆಪಾಸಿಟರ್, ರೆಸಿಸ್ಟರುಗಳು ಎರಡು ಪಾಲು ಮಾಡುತ್ತವೆ.

ಆ್ಯಕ್ಟಿವ್ ಸ್ಪೀಕರಿನಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಸಂಕೇತ ದುರ್ಬಲವಾಗಿರುವಾಗಲೇ ಅದನ್ನು ವಿಭಜಿಸಿ, ವೂಫರಿಗೊಂದು, ಟ್ವೀಟರಿಗೊಂದು ಎಂದು ಪ್ರತ್ಯೇಕ ಆಂಪ್ಲಿಫೈಯರುಗಳಿಗೆ ಕಳುಹಿಸಲಾಗುತ್ತದೆ. ಇವೆಲ್ಲವೂ ಪೆಟ್ಟಿಗೆಯ ಒಳಗೇ ಇರುತ್ತವೆ. ಆದ್ದರಿಂದ ಪ್ರತಿ ಪೆಟ್ಟಿಗೆಗೂ ವಿದ್ಯುತ್ ಸಂಪರ್ಕ ಬೇಕು.

ಇಲ್ಲಿ ಗ್ರಾಹಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ್ಯಕ್ಟಿವ್ ಎಂದು ಮಾರಾಟವಾಗುವ ಅನೇಕ ಜೋಡಿಗಳು ನಿಜಕ್ಕೂ ಆ್ಯಕ್ಟಿವ್ ಅಲ್ಲ. ಅವು ‘ಪವರ್ಡ್’ ಸ್ಪೀಕರುಗಳು. ಒಂದು ಪೆಟ್ಟಿಗೆಯೊಳಗೆ ಸಾಮಾನ್ಯ ಆಂಪ್ಲಿಫೈಯರೊಂದನ್ನು ಕೂರಿಸಿ, ಅಲ್ಲಿಂದ ಎರಡನೆಯ ಪೆಟ್ಟಿಗೆಗೆ ವೈರು ಎಳೆದಿರುತ್ತಾರೆ. ವಿಭಜನೆ ನಡೆಯುವುದು ಹಳೆಯ ಪ್ಯಾಸಿವ್ ಕ್ರಮದಲ್ಲೇ. ಅನುಕೂಲದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಆ್ಯಕ್ಟಿವ್ ವಿನ್ಯಾಸದ ಧ್ವನಿಗುಣಕ್ಕೆಂದು ಹೆಚ್ಚಿನ ಬೆಲೆ ತೆರುವವರು, ಪ್ರತಿ ಘಟಕಕ್ಕೂ ಪ್ರತ್ಯೇಕ ಆಂಪ್ಲಿಫೈಯರ್ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಪಿನ್ನಿದ್ದು, ಇನ್ನೊಂದಕ್ಕೆ ಎರಡೇ ಎಳೆಯ ಸಾಮಾನ್ಯ ವೈರು ಹೋಗುತ್ತಿದ್ದರೆ ಅದು ಬಹುಮಟ್ಟಿಗೆ ಪವರ್ಡ್ ಜೋಡಿಯೇ.

ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಇಡುವುದು ಹೊಸ ಆವಿಷ್ಕಾರವೂ ಅಲ್ಲ. ಇಂದಿನ ಎಲ್ಲ ಸ್ಪೀಕರುಗಳ ಮೂಲವೆನ್ನಬಹುದಾದ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಅವರು 1925ರಲ್ಲಿ ಪ್ರಕಟಿಸಿದರು. ಅದನ್ನು ಆಧರಿಸಿ 1926ರಲ್ಲಿ ಮಾರುಕಟ್ಟೆಗೆ ಬಂದ ರೇಡಿಯೋಲಾ 104 ಎಂಬ ಸ್ಪೀಕರಿನೊಳಗೇ ಆಂಪ್ಲಿಫೈಯರ್ ಇತ್ತು. ಬಿಡಿ ಆಂಪ್ಲಿಫೈಯರ್, ಬಿಡಿ ಸ್ಪೀಕರ್ ಎಂಬ ಪದ್ಧತಿ ಮನೆಗಳಲ್ಲಿ ಬಲವಾಗಿ ನೆಲೆಯೂರಿದ್ದು ಆಮೇಲೆ. ಧ್ವನಿಮುದ್ರಣ ಕೇಂದ್ರಗಳು ಮಾತ್ರ ಆ್ಯಕ್ಟಿವ್ ಕಡೆಗೆ ವಾಲಿದವು. 1978ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜೆನೆಲೆಕ್ ಸಂಸ್ಥೆ ಇದೇ ಬಗೆಯ ಸ್ಪೀಕರುಗಳಿಂದ ಹೆಸರು ಮಾಡಿತು.

ಧ್ವನಿಗುಣದಲ್ಲಿ ಆ್ಯಕ್ಟಿವ್‌ನ ಮೇಲುಗೈ

ತಾಂತ್ರಿಕವಾಗಿ ನೋಡಿದರೆ ಆ್ಯಕ್ಟಿವ್ ವಿನ್ಯಾಸಕ್ಕೆ ಹೆಚ್ಚು ಅಂಕ ಸಲ್ಲುತ್ತದೆ ಎಂಬುದನ್ನು ಒಪ್ಪಬೇಕು. ಕಾರಣಗಳು ಮೂರು.

ಮೊದಲನೆಯದಾಗಿ, ಆಂಪ್ಲಿಫೈಯರಿಗೂ ವೂಫರಿಗೂ ನಡುವೆ ಸುರುಳಿ, ರೆಸಿಸ್ಟರುಗಳ ಅಡ್ಡಿಯಿಲ್ಲ. ಆದ್ದರಿಂದ ಶಂಕುವಿನ ಚಲನೆಯ ಮೇಲೆ ಆಂಪ್ಲಿಫೈಯರಿನ ಹಿಡಿತ ಬಿಗಿಯಾಗಿರುತ್ತದೆ. ತಬಲಾದ ಪೆಟ್ಟು ಎಲ್ಲಿ ಆರಂಭವಾಯಿತು, ಎಲ್ಲಿ ನಿಂತಿತು ಎಂಬುದು ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ಘಟಕದ ಸಾಮರ್ಥ್ಯವನ್ನು ಅರಿತ ತಯಾರಕರೇ ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಜೋಡಿಸಿರುವುದರಿಂದ, ಎಷ್ಟು ಓಮಿನ ಸ್ಪೀಕರಿಗೆ ಎಷ್ಟು ವ್ಯಾಟ್ ಎಂಬ ತಲೆನೋವು ಗ್ರಾಹಕರಿಗಿಲ್ಲ. ಪ್ಯಾಸಿವ್ ವ್ಯವಸ್ಥೆಯಲ್ಲಿ ಈ ಹೊಂದಾಣಿಕೆಯ ಹೊಣೆ ಕೊಳ್ಳುವವರದು. 8 ಓಮಿಗೆಂದು ಮಾಡಿದ ಅಗ್ಗದ ಆಂಪ್ಲಿಫೈಯರಿಗೆ 4 ಓಮಿನ ಸ್ಪೀಕರ್ ಕಟ್ಟಿದರೆ ಅದು ಬಿಸಿಯೇರಿ ಸುಟ್ಟುಹೋಗಬಹುದು. ಮೂರನೆಯದಾಗಿ, ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ತಗ್ಗು ಸ್ವರ ಬರುವಂತೆ ಸಂಕೇತವನ್ನು ಮೊದಲೇ ತಿದ್ದಬಹುದು. ಧ್ವನಿ ಮಿತಿಮೀರಿದರೆ ತಾನಾಗಿಯೇ ತಡೆಯುವ ರಕ್ಷಣೆಯನ್ನೂ ಒದಗಿಸಬಹುದು.

ಹೀಗಾಗಿ ಒಂದೇ ಮೊತ್ತಕ್ಕೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ, ಅನೇಕ ಸಲ ಆ್ಯಕ್ಟಿವ್ ಜೋಡಿಯೇ ಗೆಲ್ಲುವುದು ಅಚ್ಚರಿಯಲ್ಲ. ಪ್ರತ್ಯೇಕ ಆಂಪ್ಲಿಫೈಯರಿನ ಪೆಟ್ಟಿಗೆ, ಅದರ ಪ್ಯಾಕಿಂಗ್, ಸಾಗಣೆ, ಮಾರಾಟಗಾರರ ಲಾಭ ಎಲ್ಲವೂ ಉಳಿಯುವುದರಿಂದ ಆ ಹಣ ಧ್ವನಿಯ ಗುಣಕ್ಕೆ ಹೋಗುತ್ತದೆ. ಖರೀದಿಯ ದಿನದ ಲೆಕ್ಕ ಇಷ್ಟೇ ಆಗಿದ್ದರೆ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ವ್ಯಾಪಾರಸ್ಥರಿಗೆ ತಿಳಿದಿರುವಂತೆ, ಖರೀದಿಯ ದಿನದ ಲೆಕ್ಕವೇ ಬೇರೆ, ಹತ್ತು ವರ್ಷಗಳ ಲೆಕ್ಕವೇ ಬೇರೆ.

ಒಂದು ಸ್ವತ್ತೋ, ಹಲವು ಸ್ವತ್ತುಗಳೋ?

ಕಂಪನಿಗಳ ಅಧಿನಿಯಮ, 2013ರ ಎರಡನೆಯ ಅನುಸೂಚಿಯಲ್ಲಿ ಸವಕಳಿಯ ಬಗ್ಗೆ ಮಹತ್ವದ ನಿಯಮವೊಂದಿದೆ. ಯಾವುದೇ ಸ್ವತ್ತಿನ ಒಂದು ಭಾಗದ ಬೆಲೆ ಒಟ್ಟು ಬೆಲೆಯಲ್ಲಿ ಗಣನೀಯವಾಗಿದ್ದು, ಅದರ ಆಯುಷ್ಯ ಉಳಿದ ಭಾಗಗಳ ಆಯುಷ್ಯಕ್ಕಿಂತ ಭಿನ್ನವಾಗಿದ್ದರೆ, ಆ ಭಾಗದ ಆಯುಷ್ಯವನ್ನು ಪ್ರತ್ಯೇಕವಾಗಿ ನಿರ್ಧರಿಸಬೇಕು. ಅಕ್ಕಿ ಗಿರಣಿಯ ಬಾಯ್ಲರಿಗೂ ಅದರ ವಿದ್ಯುತ್ ನಿಯಂತ್ರಣ ಫಲಕಕ್ಕೂ ಒಂದೇ ಆಯುಷ್ಯವನ್ನು ಹಿಡಿಯಲಾಗದು ಎಂಬುದು ಇದರ ತಾತ್ಪರ್ಯ. ಮನೆಯ ಸಂಗೀತ ವ್ಯವಸ್ಥೆಗೆ ಈ ಕಾನೂನು ಅನ್ವಯಿಸುವುದಿಲ್ಲ. ಆದರೆ ಅದರ ಹಿಂದಿರುವ ವಿವೇಕ ಸಂಪೂರ್ಣವಾಗಿ ಅನ್ವಯಿಸುತ್ತದೆ.

ಸಂಗೀತ ವ್ಯವಸ್ಥೆಯಲ್ಲಿ ಮೂರು ಬಗೆಯ ಆಯುಷ್ಯಗಳಿವೆ. ಮರದ ಪೆಟ್ಟಿಗೆ, ಅಯಸ್ಕಾಂತ, ಶಂಕು ಇವು ಜೋಪಾನ ಮಾಡಿದರೆ ದಶಕಗಳ ಕಾಲ ಬಾಳುತ್ತವೆ. ಶಂಕುವಿನ ಸುತ್ತಲಿನ ಅಂಚು ಫೋಮಿನದಾಗಿದ್ದರೆ ಕಾಲಾಂತರದಲ್ಲಿ ಉದುರುತ್ತದೆ. ರಬ್ಬರಿನದಾದರೆ ಹೆಚ್ಚು ಬಾಳುತ್ತದೆ, ಎರಡನ್ನೂ ಬದಲಿಸಬಹುದು. ಆಂಪ್ಲಿಫೈಯರಿನ ಆಯುಷ್ಯ ಮಧ್ಯಮ. ಅದರಲ್ಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗುತ್ತವೆ. ಅತಿ ಕಡಿಮೆ ಆಯುಷ್ಯ ಬ್ಲೂಟೂತ್, ವೈ-ಫೈ, ಮೊಬೈಲ್ ಆ್ಯಪ್ ಇವುಗಳದು. ಇವು ಕೆಟ್ಟುಹೋಗುವ ಮೊದಲೇ ಹಳೆಯದಾಗಿಬಿಡುತ್ತವೆ.

ಪ್ಯಾಸಿವ್ ವ್ಯವಸ್ಥೆಯಲ್ಲಿ ಈ ಮೂರೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿರಬಹುದು. ಯಾವುದರ ಆಯುಷ್ಯ ತೀರಿತೋ ಅದನ್ನಷ್ಟೇ ಬದಲಿಸಿದರಾಯಿತು. 1970ರ ದಶಕದಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ತನ್ನ ಪ್ರಸಾರ ವಾಹನಗಳ ಬಳಕೆಗೆಂದು ಎಲ್.ಎಸ್. 3/5ಎ ಎಂಬ ಪುಟ್ಟ ಪ್ಯಾಸಿವ್ ಸ್ಪೀಕರನ್ನು ವಿನ್ಯಾಸಗೊಳಿಸಿ, ಅದರ ತಯಾರಿಕೆಗೆ ಖಾಸಗಿ ಸಂಸ್ಥೆಗಳಿಗೆ ಪರವಾನಗಿ ನೀಡಿತು. ಆ ಕಾಲದ ಜೋಡಿಗಳು ಇಂದಿನ ಆಂಪ್ಲಿಫೈಯರುಗಳೊಂದಿಗೂ ಹಾಡುತ್ತವೆ. ಏಕೆಂದರೆ ಎರಡು ಎಳೆಯ ವೈರಿನ ಜೋಡಣೆ ಐವತ್ತು ವರ್ಷಗಳಲ್ಲಿ ಬದಲಾಗಿಲ್ಲ.

ಆ್ಯಕ್ಟಿವ್ ವ್ಯವಸ್ಥೆಯಲ್ಲಿ ದೀರ್ಘಾಯುಷ್ಯದ ಭಾಗ ಅಲ್ಪಾಯುಷ್ಯದ ಭಾಗಕ್ಕೆ ಕಟ್ಟುಬಿದ್ದಿರುತ್ತದೆ. ಒಳಗಿನ ಮಂಡಲ ಸುಟ್ಟರೆ ಗಟ್ಟಿಮುಟ್ಟಾದ ವೂಫರೂ ಮೌನವಾಗುತ್ತದೆ. ಬೇರೆ ಸಂಸ್ಥೆಯ ಮಂಡಲವನ್ನು ಅಲ್ಲಿ ಕೂರಿಸಲಾಗದು; ಅದೇ ತಯಾರಕರ, ಅದೇ ಮಾದರಿಯ ಬಿಡಿಭಾಗವೇ ಬೇಕು. ಆ್ಯಪನ್ನು ಅವಲಂಬಿಸಿದ ಸ್ಪೀಕರುಗಳಲ್ಲಿ ಈ ಕಟ್ಟು ಇನ್ನೂ ಬಿಗಿ. 2020ರ ಜನವರಿಯಲ್ಲಿ ಅಮೆರಿಕದ ಸೊನೊಸ್ ಸಂಸ್ಥೆಯು ತನ್ನ ಹಳೆಯ ಕೆಲವು ಉಪಕರಣಗಳಿಗೆ ಆ ವರ್ಷದ ಮೇ ತಿಂಗಳ ನಂತರ ಹೊಸ ತಂತ್ರಾಂಶ ಸೌಲಭ್ಯಗಳನ್ನು ನೀಡಲಾಗದೆಂದು ಪ್ರಕಟಿಸಿದಾಗ ಗ್ರಾಹಕರಿಂದ ತೀವ್ರ ಪ್ರತಿಭಟನೆ ವ್ಯಕ್ತವಾಯಿತು. ಸ್ಪೀಕರುಗಳು ಕೆಟ್ಟಿರಲಿಲ್ಲ, ಅವುಗಳೊಳಗಿನ ಸಣ್ಣ ಗಣಕಗಳಿಗೆ ವಯಸ್ಸಾಗಿತ್ತು.

ಹನ್ನೆರಡು ವರ್ಷಗಳ ಲೆಕ್ಕ

ಬಾಗಲವಾಡದ ವ್ಯಾಪಾರಸ್ಥರ 60,000 ರೂಪಾಯಿಗಳ ಉದಾಹರಣೆಗೆ ಮರಳಬಹುದು. ಕೆಳಗಿನ ಅಂಕೆಗಳು ವಿವರಣೆಗಾಗಿ ಹಿಡಿದವು; ಲೆಕ್ಕ ಸರಳವಾಗಿರಲೆಂದು ಬೆಲೆಯೇರಿಕೆಯನ್ನೂ ಬಡ್ಡಿಯನ್ನೂ ಬಿಡಲಾಗಿದೆ.

ಪ್ಯಾಸಿವ್ ಆಯ್ಕೆ: ಸ್ಪೀಕರ್ ಜೋಡಿ 30,000, ಆಂಪ್ಲಿಫೈಯರ್ 25,000, ವೈರು ಮತ್ತು ಸ್ಟ್ಯಾಂಡ್ 5,000 ರೂಪಾಯಿ. ಒಟ್ಟು 60,000.

ಆ್ಯಕ್ಟಿವ್ ಆಯ್ಕೆ: ಸ್ಪೀಕರ್ ಜೋಡಿ 55,000, ಸ್ಟ್ಯಾಂಡ್ ಮತ್ತು ಎರಡು ಕಡೆ ವಿದ್ಯುತ್ ಪಾಯಿಂಟ್ 5,000 ರೂಪಾಯಿ. ಒಟ್ಟು 60,000.

ಎಂಟನೆಯ ವರ್ಷದಲ್ಲಿ ಎರಡರಲ್ಲಿಯೂ ಆಂಪ್ಲಿಫೈಯರ್ ಕೆಟ್ಟಿತೆಂದು ಭಾವಿಸಿದರೆ ನಾಲ್ಕು ಸಾಧ್ಯತೆಗಳಿವೆ.

1. ಪ್ಯಾಸಿವ್ ವ್ಯವಸ್ಥೆಯ ಆಂಪ್ಲಿಫೈಯರ್ ರಾಯಚೂರಿನಲ್ಲೇ 3,000 ರೂಪಾಯಿಗೆ ದುರಸ್ತಿಯಾಗುತ್ತದೆ. ಹನ್ನೆರಡು ವರ್ಷಗಳ ಒಟ್ಟು ವೆಚ್ಚ 63,000.

2. ದುರಸ್ತಿ ಸಾಧ್ಯವಾಗದೆ ಹೊಸ ಆಂಪ್ಲಿಫೈಯರನ್ನೇ ಕೊಳ್ಳಬೇಕಾಗುತ್ತದೆ. ಒಟ್ಟು ವೆಚ್ಚ 85,000.

3. ಆ್ಯಕ್ಟಿವ್ ಜೋಡಿಯ ಒಳಮಂಡಲ ತಯಾರಕರಿಂದ 12,000 ರೂಪಾಯಿಗೆ ದೊರೆಯುತ್ತದೆ. ಒಟ್ಟು ವೆಚ್ಚ 72,000.

4. ಆ ಮಾದರಿ ನಿಂತುಹೋಗಿದ್ದು ಬಿಡಿಭಾಗ ಸಿಗುವುದಿಲ್ಲ. ಹೊಸ ಜೋಡಿಯೇ ಬೇಕು. ಒಟ್ಟು ವೆಚ್ಚ 1,15,000.

ಅತಿ ಕೆಟ್ಟ ಸಂದರ್ಭಗಳನ್ನು ಹೋಲಿಸಿದರೆ ಆ್ಯಕ್ಟಿವ್ ಆಯ್ಕೆ 30,000 ರೂಪಾಯಿಯಷ್ಟು ದುಬಾರಿ. ಬಿಡಿಭಾಗ ಸಿಕ್ಕರೆ, ಹೊಸ ಆಂಪ್ಲಿಫೈಯರ್ ಕೊಳ್ಳಬೇಕಾದ ಪ್ಯಾಸಿವ್ ಆಯ್ಕೆಗಿಂತ ಅದು 13,000 ರೂಪಾಯಿ ಅಗ್ಗ. ಹಾಗಾದರೆ ಬಿಡಿಭಾಗ ಸಿಗುವ ಸಂಭವ ಎಷ್ಟಿದ್ದರೆ ಈ ಎರಡು ಆಯ್ಕೆಗಳು ಸರಿಸಮವಾಗುತ್ತವೆ? ಲೆಕ್ಕ ಹಾಕಿದರೆ ಉತ್ತರ ಸುಮಾರು 70 ಪ್ರತಿಶತ. ಅಂದರೆ ಎಂಟು ವರ್ಷಗಳ ನಂತರವೂ ಬಿಡಿಭಾಗ ದೊರೆಯುವ ಸಂಭವ ಹತ್ತಕ್ಕೆ ಏಳಕ್ಕಿಂತ ಹೆಚ್ಚೆಂಬ ಭರವಸೆ ಇದ್ದರೆ ಮಾತ್ರ ಆ್ಯಕ್ಟಿವ್ ಆಯ್ಕೆ ಹಣದ ದೃಷ್ಟಿಯಿಂದ ಸಮರ್ಥನೀಯ. ಊರಿನಲ್ಲೇ ಆಂಪ್ಲಿಫೈಯರ್ ದುರಸ್ತಿ ಮಾಡುವವರಿದ್ದರೆ ಪ್ಯಾಸಿವ್ ಆಯ್ಕೆಯೇ ಎಲ್ಲ ಸಂದರ್ಭಗಳಲ್ಲಿ ಅಗ್ಗ.

ನ್ಯಾಯಕ್ಕಾಗಿ ಒಂದು ಮಾತನ್ನು ಸೇರಿಸಬೇಕು. ನಾಲ್ಕನೆಯ ಸಂದರ್ಭದಲ್ಲಿ ಹನ್ನೆರಡನೆಯ ವರ್ಷದ ಕೊನೆಗೆ ಮಾಲೀಕರ ಬಳಿ ಕೇವಲ ನಾಲ್ಕು ವರ್ಷ ಹಳೆಯ ಜೋಡಿ ಇರುತ್ತದೆ. ಅದರ ಉಳಿಕೆ ಮೌಲ್ಯವನ್ನು ವೆಚ್ಚದಿಂದ ಕಳೆಯಬೇಕು. ಆದರೆ ಒಳಗೆ ವಿದ್ಯುನ್ಮಾನ ಮಂಡಲಗಳಿರುವ ಬಳಸಿದ ವಸ್ತುವಿಗೆ ಕೊಳ್ಳುವವರು ಹೆಚ್ಚು ಬೆಲೆ ಕಟ್ಟುವುದಿಲ್ಲ ಎಂಬುದೂ ವ್ಯಾಪಾರಸ್ಥರಿಗೆ ತಿಳಿದ ಸಂಗತಿಯೇ.

ಹೀಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದಲ್ಲ, ‘ಒಳಗಿನ ಮಂಡಲ ಬಿಡಿಯಾಗಿ ಸಿಗುತ್ತದೆಯೇ, ಇಂದಿನ ಬೆಲೆ ಎಷ್ಟು, ಎಷ್ಟು ವರ್ಷಗಳವರೆಗೆ ಒದಗಿಸುತ್ತೀರಿ?’ ಎಂಬುದು. ಉತ್ತರವನ್ನು ಬಿಲ್ಲಿನ ಮೇಲೆ ಅಥವಾ ತಯಾರಕರ ಪತ್ರದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿದೆ. ತಯಾರಕರು ದುರಸ್ತಿ ಮತ್ತು ಬಿಡಿಭಾಗಗಳ ಮಾಹಿತಿಯನ್ನು ಅಲ್ಲಿ ಗ್ರಾಹಕರಿಗೆ ಒದಗಿಸಬೇಕೆಂಬುದು ಅದರ ಆಶಯ. ಆದರೂ ಬರೆಸಿಕೊಂಡ ಮಾತಿಗೆ ಇರುವ ಬೆಲೆಯೇ ಬೇರೆ.

ವಿದ್ಯುತ್ತು, ಬಿಸಿಲು ಮತ್ತು ದೂರ

ಮೇಲಿನ ಲೆಕ್ಕ ಬೆಂಗಳೂರಿಗೂ ರಾಯಚೂರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಈ ಭಾಗದ ಮೂರು ವಾಸ್ತವಗಳು ಅದನ್ನು ಬದಲಿಸುತ್ತವೆ.

ಮೊದಲನೆಯದು ಬಿಸಿಲು. ರಾಯಚೂರು ಜಿಲ್ಲೆಯಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಸುತ್ತಲಿನ ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತ ಮಂಡಲಕ್ಕಿಂತ, ಗಾಳಿಯಾಡುವ ಕಪಾಟಿನಲ್ಲಿರುವ ಬಿಡಿ ಆಂಪ್ಲಿಫೈಯರ್ ತಂಪಾಗಿರುತ್ತದೆ. ಆ್ಯಕ್ಟಿವ್ ಕೊಳ್ಳುವವರು ಕಡಿಮೆ ಬಿಸಿಯಾಗುವ ‘ಕ್ಲಾಸ್ ಡಿ’ ಬಗೆಯನ್ನು ಆರಿಸಿಕೊಂಡರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಇದರಿಂದ ವಿದ್ಯುತ್ತೂ ಉಳಿಯುತ್ತದೆ. ಸುಮ್ಮನೆ ಹಚ್ಚಿಟ್ಟಾಗ 20 ವ್ಯಾಟ್ ನುಂಗುವ ಉಪಕರಣವನ್ನು ಆರಿಸದೆ ಬಿಟ್ಟರೆ ವರ್ಷಕ್ಕೆ ಸುಮಾರು 175 ಯೂನಿಟ್ ವ್ಯರ್ಥವಾಗುತ್ತದೆ.

ಎರಡನೆಯದು ವಿದ್ಯುತ್ ಪೂರೈಕೆ. ಕರೆಂಟ್ ಹೋಗಿ ಬರುವಾಗ ವೋಲ್ಟೇಜ್ ಏರಿಳಿಯುವ ಹಳ್ಳಿಗಳಲ್ಲಿ ಪ್ರತಿ ವಿದ್ಯುತ್ ಸಂಪರ್ಕವೂ ಅಪಾಯದ ಒಂದು ದಾರಿ. ಪ್ಯಾಸಿವ್ ವ್ಯವಸ್ಥೆಯಲ್ಲಿ ರಕ್ಷಿಸಬೇಕಾದ ಸಂಪರ್ಕ ಒಂದೇ. ಒಂದು ಉತ್ತಮ ಸ್ಟೆಬಿಲೈಸರ್ ಸಾಕು. ಆ್ಯಕ್ಟಿವ್ ಜೋಡಿಗೆ ಎರಡು ಸಂಪರ್ಕಗಳಿರುತ್ತವೆ. ಎರಡನ್ನೂ ಒಂದೇ ಸ್ಟೆಬಿಲೈಸರಿನಿಂದ, ಒಂದೇ ಅರ್ಥಿಂಗ್‌ನಿಂದ ಕೊಡಬೇಕು. ಬೇರೆ ಬೇರೆ ಗೋಡೆಗಳ ಪಾಯಿಂಟುಗಳಿಂದ ಕೊಟ್ಟರೆ ‘ಗುಂಯ್’ ಎಂಬ ಸದ್ದು ಸೇರಿಕೊಳ್ಳಬಹುದು. ಸ್ಪೀಕರಿನ ಹಿಂಬದಿಯ ಫಲಕದಲ್ಲಿ 100–240 ವೋಲ್ಟ್ ಎಂದು ನಮೂದಿಸಿದ್ದರೆ ಅದು ಕಡಿಮೆ ವೋಲ್ಟೇಜನ್ನು ಹೆಚ್ಚು ತಾಳಿಕೊಳ್ಳುತ್ತದೆ. ಚೌಕ ತರಂಗದ ಹಳೆಯ ಇನ್ವರ್ಟರುಗಳ ಮೇಲೆ ಎರಡೂ ಬಗೆಯವು ಸದ್ದು ಮಾಡುತ್ತವೆ. ಸೈನ್ ತರಂಗದ ಇನ್ವರ್ಟರ್ ಉತ್ತಮ.

ಮೂರನೆಯದು ಸೇವಾ ಕೇಂದ್ರದ ದೂರ. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ದೇವದುರ್ಗ, ಮಾನ್ವಿ, ಬಾಗಲವಾಡಗಳವರು ಮೊದಲು ರಾಯಚೂರಿಗೆ ಬಂದು, ಅಲ್ಲಿಂದ ಮುಂದೆ ಕಳುಹಿಸಬೇಕು. ಆಂಪ್ಲಿಫೈಯರ್ ಒಂದನ್ನೇ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯಬಹುದು. ಹತ್ತು ಹದಿನೈದು ಕಿಲೋ ತೂಗುವ ಆ್ಯಕ್ಟಿವ್ ಪೆಟ್ಟಿಗೆಯನ್ನು ಪಾರ್ಸೆಲ್ ಮಾಡಿ ಕಳುಹಿಸುವಾಗ ಸಾಗಣೆಯ ವೆಚ್ಚದ ಜೊತೆಗೆ ಒಡೆಯುವ ಭಯವೂ ಇರುತ್ತದೆ. ಮೂಲ ಥರ್ಮೋಕೋಲ್ ಮತ್ತು ರಟ್ಟಿನ ಪೆಟ್ಟಿಗೆಯನ್ನು ಎಸೆಯದೆ ಅಟ್ಟದ ಮೇಲಿಡುವುದು ಈ ಕಾರಣಕ್ಕೆ ಅಗತ್ಯ. ಸೇವಾ ಕೇಂದ್ರದವರು ಮನೆಗೇ ಬರುತ್ತಾರೆಯೇ, ಅದು ನಗರದ ಎಲ್ಲೆಯೊಳಗೆ ಮಾತ್ರವೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು.

ವ್ಯಾಟ್, ವೈರು ಮತ್ತು ಪಡಸಾಲೆ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವ ಪಿ.ಎಂ.ಪಿ.ಒ. ವ್ಯಾಟ್ ಅಂಕೆಗೆ ಒಪ್ಪಿತ ಅಳತೆಗೋಲೇ ಇಲ್ಲ. ನೋಡಬೇಕಾದುದು ಆರ್.ಎಂ.ಎಸ್. ವ್ಯಾಟ್. ಜೊತೆಗೆ ಸ್ಪೀಕರಿನ ಸಂವೇದನಾಶೀಲತೆ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಧ್ವನಿ ಬರುತ್ತದೆ ಎಂಬ ಅಂಕೆ. ಶಕ್ತಿ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬಲ್ ಮಾತ್ರ. 87 ಡೆಸಿಬಲ್‌ನ ಸ್ಪೀಕರಿಗೆ 40 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 103 ಡೆಸಿಬಲ್ ಆಗುತ್ತದೆ. ಮೂರು ಮೀಟರ್ ದೂರ ಕುಳಿತರೂ ಮನೆಯ ಸಂಗೀತಕ್ಕೆ ಅದು ಧಾರಾಳ. 100 ವ್ಯಾಟ್‌ಗಾಗಿ ಹೆಚ್ಚು ಹಣ ತೆರುವ ಮುನ್ನ ಈ ಲೆಕ್ಕವನ್ನು ನೆನೆಯಬೇಕು. ನೆರೆಹೊರೆಯನ್ನೂ ನೆನೆಯಬೇಕು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್.

ಪ್ಯಾಸಿವ್ ಕೊಳ್ಳುವವರಿಗೆ ದುಬಾರಿ ವೈರುಗಳನ್ನು ಮಾರುವ ಪ್ರಯತ್ನ ನಡೆಯುವುದುಂಟು. 1.5 ಚದರ ಮಿ.ಮೀ. ದಪ್ಪದ ಸಾಮಾನ್ಯ ತಾಮ್ರದ ವೈರನ್ನು ಐದು ಮೀಟರ್ ದೂರಕ್ಕೆ ಎಳೆದರೆ, ಹೋಗಿ ಬರುವ ಎರಡೆಳೆ ಸೇರಿ ಪ್ರತಿರೋಧ ಸುಮಾರು 0.12 ಓಮ್. 8 ಓಮಿನ ಸ್ಪೀಕರಿಗೆ ಇದು ಒಂದೂವರೆ ಪ್ರತಿಶತ ಮಾತ್ರ. ಅಂಗಡಿಯ ಸಾಮಾನ್ಯ ತಾಮ್ರದ ವೈರೇ ಸಾಕು.

ವೈರಿನ ಹಣವನ್ನು ಕೋಣೆಗೆ ಹಾಕುವುದು ಲೇಸು. ಈ ಭಾಗದ ಮನೆಗಳಲ್ಲಿ ಶಹಾಬಾದಿ ಫರಸಿಯ ನೆಲ, ಗಿಲಾವು ಮಾಡಿದ ಬರಿಯ ಗೋಡೆ, ಎತ್ತರದ ಪಡಸಾಲೆ ಸಾಮಾನ್ಯ. ಇಂತಹ ಕಡೆ ಧ್ವನಿ ಪುಟಿದು ಪುಟಿದು ಸಾಹಿತ್ಯದ ಅಕ್ಷರಗಳೇ ಕಲಸಿಹೋಗುತ್ತವೆ. ಸ್ಪೀಕರಿನ ಮುಂದೆ ದಪ್ಪ ಜಮಖಾನೆ, ಎದುರು ಗೋಡೆಗೆ ಪರದೆ, ಪುಸ್ತಕದ ಕಪಾಟು ಇಟ್ಟರೆ ಆಗುವ ಸುಧಾರಣೆ, ಹತ್ತು ಸಾವಿರ ಹೆಚ್ಚು ಕೊಟ್ಟು ತಂದ ಸ್ಪೀಕರಿನಿಂದಲೂ ಆಗಲಾರದು. ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕಿರಬೇಕು. ಎರಡು ಪೆಟ್ಟಿಗೆಗಳು ಮತ್ತು ಕೇಳುಗರು ಸಮಭುಜ ತ್ರಿಕೋನದ ಮೂರು ಮೂಲೆಗಳಂತಿರಬೇಕು. ಇದು ಎರಡೂ ಬಗೆಗೆ ಅನ್ವಯಿಸುವ ಮಾತು.

ತೆರಿಗೆಯ ಮಾತು

ಸ್ಪೀಕರುಗಳೂ ಆಂಪ್ಲಿಫೈಯರುಗಳೂ ಜಿ.ಎಸ್.ಟಿ.ಯಲ್ಲಿ 8518ನೆಯ ಶೀರ್ಷಿಕೆಯಡಿ ಬರುತ್ತವೆ. ದರ 18 ಪ್ರತಿಶತ. ಆದ್ದರಿಂದ ಆಯ್ಕೆಯ ಮೇಲೆ ತೆರಿಗೆ ಪ್ರಭಾವ ಬೀರುವುದಿಲ್ಲ. ಆದರೆ 60,000 ರೂಪಾಯಿಗಳಲ್ಲಿ ತೆರಿಗೆಯ ಪಾಲೇ ಸುಮಾರು 9,150 ರೂಪಾಯಿ ಇರುವುದರಿಂದ, ಅದನ್ನು ಅಂಗಡಿಯ ಲೆಕ್ಕದಲ್ಲಿ ತೋರಿಸಿ ಕ್ರೆಡಿಟ್ ಪಡೆಯುವ ಮೋಹ ಕೆಲವರಿಗೆ ಉಂಟಾಗಬಹುದು. ಇದು ಸಲ್ಲದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 17(5)ರ ಪ್ರಕಾರ ವೈಯಕ್ತಿಕ ಬಳಕೆಯ ವಸ್ತುಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ದೀಪಾವಳಿಯಲ್ಲಿ ಗ್ರಾಹಕರಿಗೆ ಉಡುಗೊರೆಯಾಗಿ ಕೊಟ್ಟ ಸ್ಪೀಕರುಗಳಿಗೂ ಇಲ್ಲ.

ವಸ್ತ್ರದ ಅಂಗಡಿ, ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ವ್ಯವಹಾರಕ್ಕಾಗಿಯೇ ಬಳಸುವ ವ್ಯವಸ್ಥೆಯ ಮಾತು ಬೇರೆ. ಅಲ್ಲಿ ಇತರ ಷರತ್ತುಗಳಿಗೊಳಪಟ್ಟು ಕ್ರೆಡಿಟ್ ದೊರೆಯುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ದೊರೆಯುವುದಿಲ್ಲ. ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳ ಸಾಮಾನ್ಯ ದರವಾದ 15 ಪ್ರತಿಶತ ಸವಕಳಿಯೂ ಸಿಗುತ್ತದೆ. ಆದರೆ ತೆರಿಗೆಯ ಭಾಗವನ್ನು ಸ್ವತ್ತಿನ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ಪಡೆದರೆ, ಕಲಂ 16(3)ರ ಪ್ರಕಾರ ಅದೇ ಮೊತ್ತಕ್ಕೆ ಕ್ರೆಡಿಟ್ ಪಡೆಯುವಂತಿಲ್ಲ. ಒಂದೇ ರೂಪಾಯಿಗೆ ಎರಡು ಲಾಭವಿಲ್ಲ.

ಮಾರಾಟಗಾರರು ಮತ್ತು ಸಣ್ಣ ತಯಾರಕರು

ಈ ಆಯ್ಕೆ ಕೊಳ್ಳುವವರಿಗಷ್ಟೇ ಸಂಬಂಧಿಸಿದ್ದಲ್ಲ. ಆ್ಯಕ್ಟಿವ್ ಜೋಡಿಗಳನ್ನು ದಾಸ್ತಾನು ಮಾಡುವ ಅಂಗಡಿಗೆ ಹೊಂದಾಣಿಕೆಯ ತೊಡಕು ಕಡಿಮೆ, ಮಾರಾಟ ಬೇಗ. ಆದರೆ ಮಾದರಿ ಬದಲಾದಾಗ ಉಳಿದ ಸರಕಿನ ಬೆಲೆ ಕುಸಿಯುವುದೂ ಬೇಗ. ವರ್ಷಾಂತ್ಯದಲ್ಲಿ ಅಂತಹ ಸರಕನ್ನು ಖರೀದಿ ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದಕ್ಕೆ ತೋರಿಸಬೇಕು. ಪ್ಯಾಸಿವ್ ಸ್ಪೀಕರಿನ ಜೋಡಿ ಎರಡು ವರ್ಷ ಕಪಾಟಿನಲ್ಲಿ ಉಳಿದರೂ ಅಷ್ಟು ಹಳತಾಗುವುದಿಲ್ಲ.

ಸಣ್ಣ ತಯಾರಕರಿಗೂ ಇದೇ ವಿವೇಕ ಅನ್ವಯಿಸುತ್ತದೆ. ಪ್ಲೈವುಡ್, ಎಂ.ಡಿ.ಎಫ್. ಕೆಲಸ ಬಲ್ಲ ಬಡಿಗರು ಪ್ಯಾಸಿವ್ ಪೆಟ್ಟಿಗೆಗಳನ್ನು ಅಲ್ಪ ಬಂಡವಾಳದಲ್ಲಿ ತಯಾರಿಸಬಹುದು. ಅದರೊಳಗೆ ಆಂಪ್ಲಿಫೈಯರನ್ನೂ ಬ್ಲೂಟೂತನ್ನೂ ಸೇರಿಸಿದೊಡನೆ ಸುರಕ್ಷತೆಯ ಹೊಣೆ ಹೆಚ್ಚುತ್ತದೆ. ಬ್ಲೂಟೂತ್ ಸ್ಪೀಕರುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಅವುಗಳ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ನೋಂದಣಿಯಿಲ್ಲದ ಸರಕನ್ನು ಮಾರುವ ಅಂಗಡಿಯವರೂ ಕಾನೂನಿನ ತೊಡಕಿಗೆ ಸಿಲುಕುತ್ತಾರೆ.

ಯಾರಿಗೆ ಯಾವುದು?

ರಾಯಚೂರು ನಗರದ ಸಣ್ಣ ಕೋಣೆಯಲ್ಲಿ ವಾಸಿಸುವವರು, ದೂರದರ್ಶನ ಮತ್ತು ಮೊಬೈಲಿನಿಂದಲೇ ಕೇಳುವವರು, ಐದಾರು ವರ್ಷಗಳಲ್ಲಿ ಹೇಗೂ ಬದಲಿಸುವವರು, ಹೆಚ್ಚು ಪೆಟ್ಟಿಗೆ ವೈರುಗಳ ಗೊಂದಲ ಬೇಡವೆನ್ನುವವರು ಆ್ಯಕ್ಟಿವ್ ಜೋಡಿಯನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಅವರಿಗೆ ಎಂಟನೆಯ ವರ್ಷದ ಪ್ರಶ್ನೆಯೇ ಏಳುವುದಿಲ್ಲ, ಕೊಟ್ಟ ಹಣಕ್ಕೆ ಹೆಚ್ಚು ಉತ್ತಮ ಧ್ವನಿ ದೊರೆಯುತ್ತದೆ. ಅವರು ಗಮನಿಸಬೇಕಾದುದು ಇಷ್ಟು: ಬ್ಲೂಟೂತ್ ಅಥವಾ ಆ್ಯಪ್ ಹಳತಾದರೂ ಉಪಯೋಗಕ್ಕೆ ಬರುವಂತೆ ಸ್ಪೀಕರಿಗೆ ಸಾಮಾನ್ಯ ವೈರಿನ ಇನ್‌ಪುಟ್ ಒಂದು ಇರಲೇಬೇಕು.

ಬಾಗಲವಾಡದ ವ್ಯಾಪಾರಸ್ಥರಂತೆ ದೊಡ್ಡ ಪಡಸಾಲೆಯುಳ್ಳವರು, ಒಮ್ಮೆ ಕೊಂಡದ್ದನ್ನು ಹತ್ತು ಹದಿನೈದು ವರ್ಷ ಬಳಸುವವರು, ಸೇವಾ ಕೇಂದ್ರದಿಂದ ದೂರವಿರುವವರು ಪ್ಯಾಸಿವ್ ವ್ಯವಸ್ಥೆಯನ್ನು ಆರಿಸುವುದು ಲೇಸು. ಅವರು ಈ ವರ್ಷ ಸ್ಪೀಕರಿಗೆ ಹೆಚ್ಚು, ಆಂಪ್ಲಿಫೈಯರಿಗೆ ಕಡಿಮೆ ಹಣ ಹಾಕಿ, ಮುಂದಿನ ಒಳ್ಳೆಯ ಹಂಗಾಮಿನಲ್ಲಿ ಆಂಪ್ಲಿಫೈಯರನ್ನು ಮೇಲ್ದರ್ಜೆಗೆ ಏರಿಸಬಹುದು. ವರಮಾನ ಮಳೆಯನ್ನೂ ದರವನ್ನೂ ನೆಚ್ಚಿರುವ ಸೀಮೆಯಲ್ಲಿ, ಖರ್ಚನ್ನು ಕಂತುಗಳಾಗಿ ಒಡೆಯಬಲ್ಲ ಈ ಅನುಕೂಲ ಸಣ್ಣದಲ್ಲ.

ಎರಡು ಆಯ್ಕೆಗಳಲ್ಲಿ ಒಂದು ಶ್ರೇಷ್ಠ, ಇನ್ನೊಂದು ಕನಿಷ್ಠ ಎಂದೇನೂ ಇಲ್ಲ. ದೀರ್ಘಕಾಲ ಬಾಳುವ ಸ್ವತ್ತನ್ನು ಅಲ್ಪಕಾಲ ಬಾಳುವ ಸ್ವತ್ತಿನೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಕೊಳ್ಳುತ್ತಿರುವೆವೆಂಬ ಅರಿವು ಖರೀದಿಯ ದಿನವೇ ಇರಬೇಕು. ಬಿಡಿಭಾಗದ ಭರವಸೆ ಬರವಣಿಗೆಯಲ್ಲಿರಬೇಕು. ಇವೆರಡೂ ಇದ್ದರೆ ಆ್ಯಕ್ಟಿವ್ ಕೊಂಡರೂ ನಷ್ಟವಿಲ್ಲ. ಇಲ್ಲದಿದ್ದರೆ ಇಂದಿನ ಉತ್ತಮ ಧ್ವನಿಯ ಬೆಲೆಯನ್ನು ಎಂಟನೆಯ ವರ್ಷದಲ್ಲಿ ಮತ್ತೊಮ್ಮೆ ತೆರಬೇಕಾದೀತು.